ತಾಂಬೂಲದ ಚೀಲದಲ್ಲಿ ಹಿಮನದಿಯ ಕಲ್ಲು

ನಮ್ಮ ಕಡೆ ಯಾರಾದರೂ ದೂರದ ಯಾತ್ರೆಗೆ ಹೊರಟರೆಂದರೆ ನೆಂಟರಿಷ್ಟರು ಸರದಿಯ ಮೇಲೆ ಕರೆದು ಊಟ ಹಾಕುತ್ತಾರೆ. ಹೊರಟವಳು ಹೆಂಗಸಾದರೆ ಮಡಿಲಕ್ಕಿಯನ್ನೂ ತುಂಬುತ್ತಾರೆ. ಉಂಡು ಹೋದವರು ಬರಿಗೈಯಲ್ಲಿ ಬರುವಂತಿಲ್ಲ. ಕಾಶಿಗೆ ಹೋದರೆ ಗಂಗೆಯ ನೀರು, ಕಪ್ಪು ದಾರ. ಬೇರೆ ಕಡೆ ಹೋದರೆ ಅಲ್ಲಿಯ ಪ್ರಸಾದ. ಅದನ್ನು ತಂದು, ತಮಗೆ ಉಣ್ಣಿಸಿದ ಮನೆಯವರನ್ನೆಲ್ಲ ಕರೆದು, ಊಟ ಹಾಕಿ, ತಾಂಬೂಲದ ಜೊತೆ ಹಂಚಬೇಕು. ಇಷ್ಟನ್ನು ಮೊದಲೇ ಹೇಳದಿದ್ದರೆ ನಮ್ಮಮ್ಮ ಮಾಡಿದ್ದು ಶುದ್ಧ ಹುಚ್ಚುತನವೆಂದು ನೀವು ತಿಳಿದುಬಿಡುತ್ತೀರಿ. ನಾನೂ ಹಾಗೇ ತಿಳಿದಿದ್ದೆ, ಮತ್ತು ಹಾಗೆಂದು ಅವಳ ಮುಖಕ್ಕೇ ಹೇಳಿದ್ದೆ.

ನಾನು ಹೋಗಿದ್ದು ಯಾತ್ರೆಗಲ್ಲ. ಆಗ ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹಿಮಾಚಲದ ಒಂದು ಕಣಿವೆಯಲ್ಲಿ ಹಿಮನದಿಯೊಂದು ಪುರಾತನ ಕಾಲದಲ್ಲಿ ಎಲ್ಲಿಯವರೆಗೆ ಇಳಿದು ಬಂದಿತ್ತು, ಯಾವಾಗ ಹಿಂದಕ್ಕೆ ಸರಿಯಿತು ಎಂದು ಕಂಡುಹಿಡಿಯುವುದು ನನ್ನ ಕೆಲಸ. ಪಾಂಡವಪುರದ ನಮ್ಮ ಬೀದಿಯಲ್ಲಿ ಇದನ್ನು ಎಷ್ಟು ಬಿಡಿಸಿ ಹೇಳಿದರೂ ಕೇಳಿದವರ ಕಿವಿಯಲ್ಲಿ ಉಳಿಯುತ್ತಿದ್ದುದು ‘ಹಿಮಾಲಯ’ ಎಂಬ ಒಂದೇ ಪದ. ಚಿಕ್ಕಪ್ಪ ಒಬ್ಬರು ಮಾತ್ರ ಕೆಲಸದ ಬಗ್ಗೆ ವಿಚಾರಿಸಿದರು. "ಕಲ್ ನೋಡಕ್ಕೆ ಅಷ್ಟ್ ದೂರ ಓಗ್ಬೇಕೇನವ್ವ? ನಮ್ ಕುಂತಿಬೆಟ್ಟದಲ್ಲಿ ಕಲ್ಲಿಗೇನ್ ಬರವಾ?" ಎಂದರು.

ಹೊರಡುವ ಮೊದಲು ಹನ್ನೊಂದು ಮನೆಗಳಲ್ಲಿ ಉಂಡೆ. ಪಾಂಡವಪುರದಲ್ಲೇ ನಾಲ್ಕು, ಶ್ರೀರಂಗಪಟ್ಟಣದಲ್ಲಿ ಎರಡು, ಕೆ.ಆರ್. ಪೇಟೆ ಕಡೆ ಮೂರು, ನಾಗಮಂಗಲದ ಕಡೆ ಎರಡು. ಶ್ರೀರಂಗಪಟ್ಟಣದ ಒಂದು ಮನೆ ಖಾಲಾ ಅವರದು. ಅವರ ಯಜಮಾನರು ಲಾರಿ ಓಡಿಸುತ್ತಿದ್ದರು; ಹಿಂದೆ ನಮ್ಮ ಪಕ್ಕದ ಮನೆಯಲ್ಲೇ ಇದ್ದವರು. ಉರ್ದುವಿನಲ್ಲಿ ಚಿಕ್ಕಮ್ಮ ಎನ್ನುವ ಹಾಗೆ ನಾನು ಅವರನ್ನು ಖಾಲಾ ಎಂದು ಕರೆಯುತ್ತಲೇ ಬೆಳೆದೆ. ಪಯಣ ಹೊರಟವರಿಗೆ ಕಟ್ಟುವ ಅವರ ಪದ್ಧತಿಯಂತೆ ನಾಣ್ಯವೊಂದನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ಕಟ್ಟಿ, ಕ್ಷೇಮವಾಗಿ ಬಾ ಎಂದರು. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಇದ್ದಳು. ಮಾತು ಕಮ್ಮಿ, ನೋಟ ಖಾರ. ಚಿಕ್ಕಂದಿನಿಂದ ನನಗೆ ಅವಳನ್ನು ಕಂಡರೆ ಭಯ. ಮೂರನೇ ಮುದ್ದೆಯನ್ನು ತಟ್ಟೆಗೆ ಹಾಕಿ, "ಅಲ್ಲಿ ಇದು ಸಿಕ್ಕಲ್ಲ, ಉಣ್ಣು" ಎಂದಳು. ನಾನು ಅದನ್ನೂ ಉಂಡೆ.

ಕೆಲಸದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದೆ ಬರುವ ನನ್ನ ಕಿರುಚಾಟಕ್ಕೆ ಅರ್ಥವಿರುವುದಿಲ್ಲ. ಹಿಮನದಿ ಕಣಿವೆಯಲ್ಲಿ ಮೆಲ್ಲಗೆ ಜಾರಿ ಬರುವಾಗ ದಾರಿಯಲ್ಲಿ ಸಿಕ್ಕ ಬಂಡೆ, ಕಲ್ಲು, ಮಣ್ಣು ಎಲ್ಲವನ್ನೂ ಹೊತ್ತು ತರುತ್ತದೆ. ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿ ಅದನ್ನು ಸುರಿದು, ಕರಗುತ್ತ ಹಿಂದಕ್ಕೆ ಸರಿಯುತ್ತದೆ. ಸುರಿದದ್ದು ಕೆರೆ ಏರಿಯಂತೆ ಉದ್ದಕ್ಕೆ ಒಂದು ದಂಡೆಯಾಗಿ ಉಳಿಯುತ್ತದೆ. ಹಿಮ ಬಿಟ್ಟುಹೋದ ದಿನದಿಂದ ಆ ದಂಡೆಯ ಮೇಲಿನ ಬಂಡೆಯ ನೆತ್ತಿಗೆ ಬಾಹ್ಯಾಕಾಶದ ಕಿರಣಗಳು ಬಡಿಯತೊಡಗುತ್ತವೆ. ಬಂಡೆಯಲ್ಲಿರುವ ಬೆಣಚಿನೊಳಗೆ ಅವು ಒಂದು ಅಪರೂಪದ ಬಗೆಯ ಬೆರಿಲಿಯಂ ಅನ್ನು ಹುಟ್ಟಿಸುತ್ತವೆ, ವರ್ಷ ವರ್ಷಕ್ಕೆ ಇಷ್ಟಿಷ್ಟೇ. ಬಂಡೆಯ ನೆತ್ತಿಯಿಂದ ಎರಡು ಬೆರಳು ದಪ್ಪದ ಪದರ ಕೆತ್ತಿ ತಂದು, ಪುಡಿ ಮಾಡಿ, ಆಮ್ಲದಲ್ಲಿ ತೊಳೆದು, ಆ ಬೆರಿಲಿಯಂ ಎಷ್ಟಿದೆ ಎಂದು ಎಣಿಸಿದರೆ, ಹಿಮ ಆ ಬಂಡೆಯನ್ನು ಬಿಟ್ಟು ಎಷ್ಟು ಸಾವಿರ ವರ್ಷವಾಯಿತೆಂದು ತಿಳಿಯುತ್ತದೆ.

ನಮ್ಮ ಕಣಿವೆಯಲ್ಲಿ ಅಂಥ ಮೂರು ದಂಡೆಗಳಿದ್ದವು. ಎಲ್ಲಕ್ಕಿಂತ ಕೆಳಗಿನದು ಎಲ್ಲಕ್ಕಿಂತ ಹಳೆಯದಿರಬೇಕು. ಹಿಮ ಅತಿ ದೂರ ಬಂದ ಕಾಲ ಅದು. ಆದರೆ ಆ ಕೆಳದಂಡೆಯ ಬಂಡೆಗಳಲ್ಲಿ ಬಹುಪಾಲು ಉರುಳಿದ್ದವು, ಸೀಳಿದ್ದವು. ಮಗ್ಗುಲು ಬದಲಿಸಿದ ಬಂಡೆಯ ನೆತ್ತಿ ಎಷ್ಟು ಕಾಲದಿಂದ ಆಕಾಶ ನೋಡುತ್ತಿದೆಯೆಂದು ಯಾರು ಬಲ್ಲರು? ಮೂರು ದಿನ ಹುಡುಕಿದ ಮೇಲೆ ನಂಬಬಹುದಾದದ್ದು ಒಂದೇ ಒಂದು ಸಿಕ್ಕಿತು. ಎತ್ತಿನ ಗಾಡಿಯಷ್ಟು ದೊಡ್ಡದು, ಗಟ್ಟಿಯಾಗಿ ಕೂತಿತ್ತು, ನೆತ್ತಿಯ ಮೇಲೆ ಅಂಗೈಯಗಲದ ಬಿಳಿ ಬೆಣಚಿನ ಪಟ್ಟೆ. ಒಂದಿಡೀ ದಿನ ಉಳಿ ಸುತ್ತಿಗೆ ಹಿಡಿದು ಕೆತ್ತಿ ಒಂದು ಕಿಲೋದಷ್ಟು ಚೂರು ತೆಗೆದೆ. ಕೈಯೆಲ್ಲ ಬೊಬ್ಬೆ. ಮಾರನೆಯ ವಾರ ಹಿಮ ಬಿದ್ದು ದಾರಿ ಮುಚ್ಚಿತು. ನಮಗಿದ್ದ ಪರವಾನಗಿಯ ಅವಧಿಯೂ ಮುಗಿಯಿತು.

ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಮನೆಗೆ ಬಂದಾಗ ನನ್ನ ಬಟ್ಟೆಗಿಂತ ಕಲ್ಲಿನ ಚೀಲಗಳೇ ಭಾರವಾಗಿದ್ದವು. ಎಲ್ಲವನ್ನೂ ಅಮ್ಮನ ಮಂಚದ ಕೆಳಗೆ ತಳ್ಳಿ, "ಮುಟ್ಟಬೇಡ, ಇದು ಚಿನ್ನಕ್ಕಿಂತ ಹೆಚ್ಚು" ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು.

ಭಾನುವಾರ ಅಮ್ಮ ಹನ್ನೊಂದು ಮನೆಯವರನ್ನೂ ಊಟಕ್ಕೆ ಕರೆದಳು. ಅವರೆಕಾಳಿನ ಸಾರು, ಮುದ್ದೆ, ಕಜ್ಜಾಯ, ಪಾಯಸ. ಎರಡು ತಿಂಗಳು ಡಬ್ಬದ ಬೇಳೆ ತಿಂದು ಬಂದವಳು ನಾನು. ಎರಡು ಪಂಕ್ತಿಯಲ್ಲೂ ಕೂತು ಉಂಡೆ. ಹೊರಡುವವರಿಗೆ ತಾಂಬೂಲ ಕೊಡುವ ಕೆಲಸವನ್ನು ಅಮ್ಮ ನನಗೆ ಒಪ್ಪಿಸಿದಳು. ಬಾಗಿಲಲ್ಲಿ ನಿಂತು, ಚಳಿಗೆ ಒಡೆದ ತುಟಿಯಲ್ಲೇ ನಗುತ್ತ ಒಂದೊಂದು ಚೀಲ ಕೊಟ್ಟೆ. ಒಬ್ಬೊಬ್ಬರೂ ಒಳಗೆ ಕೈಯಿಟ್ಟು ನೋಡಿ, ಚೀಲವನ್ನು ಕಣ್ಣಿಗೆ ಒತ್ತಿಕೊಂಡರು. ನಮ್ಮ ಜನಕ್ಕೆ ತಾಂಬೂಲದ ಮೇಲೆ ಇಷ್ಟೊಂದು ಭಕ್ತಿಯೇ ಎಂದು ನನಗೆ ಹೆಮ್ಮೆ ಬೇರೆ ಆಯಿತು.

ಮಂಗಳವಾರ ಬೆಳಿಗ್ಗೆ, ಪ್ರಯೋಗಾಲಯಕ್ಕೆ ಒಯ್ಯಲು ಚೀಲಗಳನ್ನು ಮರದ ಪೆಟ್ಟಿಗೆಗೆ ಜೋಡಿಸುತ್ತಿದ್ದೆ. ‘ಕೆಳದಂಡೆ’ ಎಂದು ಬರೆದಿದ್ದ ಬಟ್ಟೆಚೀಲ ಸಪ್ಪಗೆ ಬಿದ್ದಿತ್ತು. ಕೊಡವಿದರೆ ಒಂದು ಹಿಡಿ ಬಿಳಿ ಪುಡಿ. ಕೊಟ್ಟಿಗೆಗೆ ಓಡಿದೆ. ಅಮ್ಮ ಹಸುವಿಗೆ ಬೂಸಾ ಕಲೆಸುತ್ತಿದ್ದಳು.

"ಅಮ್ಮ, ಇದರಲ್ಲಿದ್ದ ಕಲ್ಲೆಲ್ಲಿ?"

"ಅಂಚಿದ್ವಲ್ಲ."

"ಹಂಚಿದ್ದಾ? ಯಾರಿಗೆ?"

"ಉಣ್ಣಕ್ಕೆ ಬಂದಿದ್ರಲ್ಲ, ಅವ್ರ್ಗೆಲ್ಲ. ತಾಂಬೂಲದ ಚೀಲಕ್ಕೆ ಒಂದೊಂದ್ ಆಕಿದ್ದೆ. ನೀನೇ ಅಲ್ವಾ ಕೈಯಾರ ಕೊಟ್ಟಿದ್ದು?"

ಕೆಲವು ಹೊತ್ತಿನಲ್ಲಿ ಬಾಯಿಗೆ ಮಾತೇ ಬರುವುದಿಲ್ಲ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ, ಧಾರಾಳವಾಗಿ ಬಂತು. ನಿನಗೆ ಬುದ್ಧಿ ಇದೆಯಾ, ಎರಡು ವರ್ಷದ ನನ್ನ ಕೆಲಸವನ್ನು ಅಡಿಕೆ ಚೂರಿನ ಹಾಗೆ ಹಂಚಿದೆಯಲ್ಲ, ಹುಚ್ಚು ಹಿಡಿದಿದೆಯಾ ಎಂದು ಕೂಗಾಡಿದೆ. ಮೂಗಿನ ತುದಿಯ ಕೋಪ ನನಗೆ ಹುಟ್ಟಿನಿಂದ ಬಂದದ್ದು. ಅಮ್ಮ ಕೈ ತೊಳೆದುಕೊಂಡು ಬಂದು ನೆಟ್ಟಗೆ ನಿಂತಳು.

"ಅನ್ನೊಂದ್ ಮನೇಲಿ ಉಂಡ್ಬುಟ್ ಓದೆ ನೀನು. ಒಂದ್ ಸೀಸೆ ಗಂಗೆ ನೀರ್ ತಂದ್ಯಾ? ಒಂದ್ ಗೇಣ್ ದಾರ ತಂದ್ಯಾ? ಕಲ್ ತಂದೆ. ಚಿನ್ನುಕ್ಕಿಂತ ಎಚ್ಚು ಅಂದೆ. ಉಣ್ಣುಕ್ಕಿಕ್ದೋರ್ಗೆ ಒಳ್ಳೇದನ್ನೇ ಕೊಡ್ಬೇಕಲ್ವಾ? ಇರೋದ್ರಲ್ಲಿ ಬೆಳ್ಳಗೆ ಕಲ್ಸಕ್ರೆ ಅಂಗಿದ್ದುದ್ನ ಆರ್ಸಿ ಕೊಟ್ಟೆ."

ಅವಳ ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿ ಅಳುತ್ತ ಹೇಳಿದೆ. ಅವರು ಬಯ್ಯಲಿಲ್ಲ. ಅರಿಶಿನ ಕುಂಕುಮದ ಚಿಂತೆ ಬೇಡ, ಆಮ್ಲದಲ್ಲಿ ಎಲ್ಲ ಹೋಗುತ್ತದೆ. ಅರ್ಧ ಕಿಲೋ ಸಿಕ್ಕರೂ ಕೆಲಸ ನಡೆಯುತ್ತದೆ. ಆದರೆ ಯಾವ ಚೂರಿನ ಮೇಲಾದರೂ ಒಂದಿಷ್ಟು ಅನುಮಾನ ಬಂದರೆ ಅದು ಬೇಡ, ಎಂದು ಮೆಲ್ಲಗೆ ಹೇಳಿ ಇಟ್ಟರು. ಎಲ್ಲ ಚೂರೂ ಒಟ್ಟಿಗೆ ಪುಡಿಯಾಗುತ್ತವೆ. ಬೇರೆ ಕಲ್ಲಿನ ಒಂದು ತುಂಡು ಸೇರಿದರೂ ಬರುವ ವಯಸ್ಸು ಸುಳ್ಳು, ಸುಳ್ಳೆಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಫೋನಿನಲ್ಲೇ ಕೇಳಿ ತರಿಸೋಣವೆಂದರೆ ಅಮ್ಮ ಒಪ್ಪಲಿಲ್ಲ. "ಕೊಟ್ಟ ತಾಂಬೂಲ ವಾಪಸ್ ಕೇಳೋ ಮಾತು ಫೋನಲ್ಲಿ ಆಡಾದಲ್ಲ ಕಣವ್ವ" ಎಂದಳು. ಆಮೇಲೆ ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದಳು. ಕೊಟ್ಟದ್ದನ್ನು ಮರಳಿ ಕೇಳಲು ಹೋಗುವುದು ಅವಳಿಗೆ ಎಷ್ಟು ನಾಚಿಕೆಯ ಕೆಲಸವೆಂದು ನನಗೆ ಆಗ ಅರ್ಥವಾಗಿರಲಿಲ್ಲ. ನನ್ನೊಬ್ಬಳನ್ನೇ ಕಳಿಸಿದರೆ ನಾನು ಬಾಯಿ ಮಾಡಿ ನೆಂಟಸ್ತನವನ್ನೇ ಕೆಡಿಸಿ ಬರುತ್ತೇನೆಂಬ ಭಯವೂ ಅವಳಿಗಿದ್ದಿರಬೇಕು. ಅದು ನ್ಯಾಯವಾದ ಭಯವೇ.

ಪಾಂಡವಪುರದ ನಾಲ್ಕು ಮನೆಗಳನ್ನು ನಡೆದೇ ಮುಗಿಸಿದೆವು. ಒಂದು ಚೂರು ತುಳಸಿ ಕಟ್ಟೆಯ ಮೇಲಿತ್ತು, ಒಂದು ದೇವರ ಮನೆಯಲ್ಲಿ, ಇನ್ನೊಂದು ಕುಡಿಯುವ ನೀರಿನ ಹಂಡೆಯ ತಳದಲ್ಲಿ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಚಿಕ್ಕಪ್ಪ ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಕುಂತಿಬೆಟ್ಟದಲ್ಲಿ ಕಲ್ಲಿಲ್ಲವೇ ಎಂದು ಆಡಿಕೊಂಡವರು ಇವರೇ. ಚೂರನ್ನು ನನ್ನ ಕೈಗಿಡುವಾಗ, "ಸೊಂಟನೋವು ಒಂಚೂರು ಇಳ್ದಂಗಿತ್ತು" ಎಂದು ಸಂಕೋಚದಿಂದ ಹೇಳಿದರು.

ಪ್ರತಿ ಮನೆಯಲ್ಲೂ ಅಮ್ಮ ತಲೆ ತಗ್ಗಿಸಿಕೊಂಡೇ ಮಾತು ಎತ್ತಿದಳು. ಅದು ಬದಲಾದದ್ದು ಶ್ರೀರಂಗಪಟ್ಟಣದಲ್ಲಿ. ಖಾಲಾ ಕಲ್ಲನ್ನು ಗಾಜಿನ ಬೀರುವಿನಲ್ಲಿ, ಅತ್ತರಿನ ಖಾಲಿ ಡಬ್ಬಿಯೊಳಗೆ ಹತ್ತಿ ಹಾಸಿ ಇಟ್ಟಿದ್ದರು. ಅಮ್ಮ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳುವಷ್ಟರಲ್ಲಿ ಅವರಿಗೆ ವಿಷಯ ತಿಳಿದುಹೋಯಿತು.

"ಅರೆ, ಇದರಲ್ಲಿ ಶರಮ್ ಯಾಕೆ ಬೆಹೆನ್? ನಿಮ್ದು ಸಾಮಾನು, ನಮ್ ತಾವ ಎರಡ್ ದಿನ ಇತ್ತು. ಜೋಪಾನ ಮಾಡಿದ್ವಿ. ಈಗ ನೀವು ತಗೊಂಡೋಗ್ತೀರಿ. ಜೋಪಾನ ಮಾಡಿದ್ ಪುಣ್ಯ ನಮ್ಗೇ ಇರ್ತದೆ, ಅದನ್ನೇನ್ ವಾಪಸ್ ಕೇಳ್ತೀರಾ?"

ಅಮ್ಮ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು. ಚಹಾ, ಬಿಸ್ಕತ್ತು ಆಯಿತು. ಅಲ್ಲಿಂದ ಮುಂದಿನ ಮನೆಗಳಲ್ಲೆಲ್ಲ ಅಮ್ಮ ತಲೆಯೆತ್ತಿ, "ನಮ್ ಸಾಮಾನ್ ಜೋಪಾನ ಮಾಡಿದ್ರಲ್ಲ, ಇಸ್ಕೊಂಡೋಗಾಣ ಅಂತ ಬಂದ್ವಿ" ಎಂದು ಹೇಳತೊಡಗಿದಳು. ಖಾಲಾ ಅಂದು ಆಡಿದ ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ಅದಿಲ್ಲದಿದ್ದರೆ ಅಮ್ಮ ಏಳನೇ ಮನೆಯ ಬಾಗಿಲು ತಟ್ಟುತ್ತಿರಲಿಲ್ಲವೆಂದು ಕಾಣುತ್ತದೆ.

ಮರುದಿನ ಕೆ.ಆರ್. ಪೇಟೆ ಕಡೆಗೆ ಹೊರಟೆವು. ಬೂಕನಕೆರೆಯಿಂದ ಆಚೆಗೆ, ಕೆ.ಆರ್.ಎಸ್. ಹಿನ್ನೀರಿನ ಅಂಚಿನಲ್ಲಿ ಚಿಕ್ಕಮ್ಮನ ಜಮೀನು. ಅವಳು ಕಲ್ಲನ್ನು ತಕ್ಷಣ ತಂದುಕೊಟ್ಟಳು, ಆದರೆ ಇದರಲ್ಲಿ ಅಂಥದ್ದೇನಿದೆ ಎಂದು ಹೇಳದ ಹೊರತು ಬಿಡುವುದಿಲ್ಲವೆಂದು ದಾರಿಗೆ ಅಡ್ಡ ನಿಂತಳು. "ಬೆಟ್ಟ ಅಗ್ದು ಇಲಿ ಇಡ್ದಂಗೆ, ಅಷ್ಟ್ ದೂರ ಓಗಿ ಬೊಗಸೆ ಕಲ್ ತಂದವ್ಳೆ ನಮ್ ಮಗ" ಎಂದು ನಕ್ಕಳು. ನಾನು ಸಾಕಾಗಿ, ಎದುರಿಗಿದ್ದ ಹಿನ್ನೀರನ್ನೇ ತೋರಿಸಿದೆ. ನೀರು ಇಳಿದಿತ್ತು. ದಡದುದ್ದಕ್ಕೂ ಕಸ ಕಡ್ಡಿ, ಒಣಗಿದ ಜೊಂಡು ಗೆರೆ ಗೆರೆಯಾಗಿ ನಿಂತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಗ್ರಹಿಸಿಬಿಟ್ಟಳು.

"ಓ, ಈ ಕಸದ್ ಗೆರೆ ಅಂಗಾ? ಮೇಲಿನ್ ಗೆರೆ ನೋಡುದ್ರೆ ಈ ಸಲ ನೀರ್ ಎಲ್ಲಿಗಂಟ ಬಂದಿತ್ತು ಅಂತ ಗೊತ್ತಾಯ್ತದೆ. ಆಮೇಲೆ ಇಳೀತಾ ಇಳೀತಾ ಎಲ್ಲೆಲ್ಲಿ ನಿಂತಿತ್ತು ಅಂತಾನೂ ಗೊತ್ತಾಯ್ತದೆ. ಅಲ್ಲಿ ನೀರಿನ್ ಬದ್ಲು ಐಸು."

"ಅಷ್ಟೇ ಚಿಕ್ಕಮ್ಮ. ಯಾವ ಗೆರೆ ಯಾವಾಗ ಬಿತ್ತು ಅಂತ ಈ ಕಲ್ಲಿಂದ ಗೊತ್ತಾಗುತ್ತೆ."

"ಇಷ್ಟ್ ಸಲೀಸಾಗಿರೋದ್ನ ಯೋಳಕ್ಕೆ ನಿಂಗೆ ಎರಡ್ ವರ್ಷ ಬೇಕಾಯ್ತಾ?" ಎಂದು ದಾರಿ ಬಿಟ್ಟಳು. ಮುಂದೆ ಎಷ್ಟೋ ಸಭೆಗಳಲ್ಲಿ ನನ್ನ ಉಪನ್ಯಾಸವನ್ನು ಆ ಹಿನ್ನೀರಿನ ಕಸದ ಗೆರೆಯಿಂದಲೇ ಆರಂಭಿಸಿದ್ದೇನೆ. ಕೇಳಿದವರು ಮೆಚ್ಚಿದ್ದಾರೆ. ಮೆಚ್ಚುಗೆ ಚಿಕ್ಕಮ್ಮನಿಗೆ ಸೇರಬೇಕಾದದ್ದು.

ಕೊನೆಯದು ನಾಗಮಂಗಲ. ದೊಡ್ಡಮ್ಮನ ಮನೆ ಮುಂದೆ ಹೊಸ ಮನೆಯ ಪಾಯ ಮುಗಿದು, ಕಂಬಗಳ ಕಬ್ಬಿಣ ಮೇಲೆದ್ದಿತ್ತು. ಅಮ್ಮ ಬಂದ ಕಾರಣ ಹೇಳಿದಳು. ದೊಡ್ಡಮ್ಮ ಒಂದು ಗಳಿಗೆ ಅಮ್ಮನ ಮುಖ ನೋಡಿ, "ಕುಂತ್ಕಳಿ" ಎಂದು ಒಳಗೆ ಹೋದಳು. ಬರುವುದು ತಡವಾಯಿತು. ಬಂದಾಗ ಅವಳ ಅಂಗೈಯಲ್ಲಿ ಅರಿಶಿನ ಕುಂಕುಮ ದಪ್ಪಗೆ ಮೆತ್ತಿದ ಬಿಳಿ ಚೂರು ಇತ್ತು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಹನ್ನೊಂದೂ ಸಿಕ್ಕಿದ ಖುಷಿಯಲ್ಲಿ ನನಗೆ ಹಾರುವುದೊಂದು ಬಾಕಿ.

ದೊಡ್ಡಮ್ಮನ ಸೊಸೆ ಕಾಫಿ ಕೊಡುತ್ತ, "ಒಂದ್ ಚೂರ್ ಎಚ್ಚುಕಮ್ಮಿ ಆದ್ರೆ ಏನಾಯ್ತದೆ ಅಕ್ಕ?" ಎಂದು ಕೇಳಿದಳು.

"ಕಮ್ಮಿಯಾದ್ರೆ ಏನೂ ಆಗಲ್ಲ. ಬೇರೆ ಕಲ್ಲು ಸೇರಿದ್ರೆ ಮಾತ್ರ ಇಡೀ ಲೆಕ್ಕ ಸುಳ್ಳು. ಸುಳ್ಳು ಅಂತ ಯಾರಿಗೂ ಗೊತ್ತಾಗಲ್ಲ, ಎಲ್ಲರೂ ಅದನ್ನೇ ನಿಜ ಅಂತ ಓದ್ತಾರೆ" ಎಂದು ಪಾಠ ಒಪ್ಪಿಸಿದೆ. ದೊಡ್ಡಮ್ಮ ಕಂಬ ಹಿಡಿದು ನಿಂತಿದ್ದಳು. ಏನೂ ಮಾತಾಡಲಿಲ್ಲ. ಅವಳು ಯಾವಾಗಲೂ ಹಾಗೇ ಎಂದುಕೊಂಡು ನಾವು ಬಸ್ಸು ಹತ್ತಿದೆವು.

ಅಂದು ಸಂಜೆಯೇ ಹನ್ನೊಂದು ಚೂರುಗಳನ್ನೂ ಬಕೆಟ್ಟಿನಲ್ಲಿ ಹಾಕಿ, ಬ್ರಷ್ಷಿನಿಂದ ಉಜ್ಜಿ, ಅರಿಶಿನ ಕುಂಕುಮ ವಿಭೂತಿ ಎಲ್ಲ ಹೋಗುವಂತೆ ತೊಳೆದು, ತಾರಸಿಯ ಮೇಲೆ ಟವೆಲ್ ಹಾಸಿ ಹರಡಿದೆ. ಯಾವುದು ಯಾವ ಮನೆಯದೆಂದು ಗುರುತು ಹಾಕಿಕೊಳ್ಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಎಲ್ಲವೂ ಒಂದೇ ಬಂಡೆಯವು ತಾನೆ?

ಮಾರನೆಯ ಬೆಳಿಗ್ಗೆ, ಅಮ್ಮ ಡೈರಿಗೆ ಹಾಲು ಹಾಕಿ ಇನ್ನೂ ಬಂದಿರಲಿಲ್ಲ, ಮನೆ ಮುಂದೆ ಆಟೋ ನಿಂತಿತು. ಅದರಿಂದ ದೊಡ್ಡಮ್ಮ ಇಳಿಯುತ್ತಿದ್ದಳು. ಮಂಡಿನೋವಿನವಳು, ಊರು ಬಿಟ್ಟು ಹೊರಡುವುದೇ ಅಪರೂಪ. ಮೊದಲ ಬಸ್ಸಿಗೆ ಒಬ್ಬಳೇ ಬಂದಿದ್ದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಜಗಲಿಯ ಮೇಲೆ ಕೂತು, ನನ್ನನ್ನು ನೋಡದೆ ಹೇಳಿದಳು.

"ನಿನ್ನೆ ಕೊಟ್ನಲ್ಲ ಕಲ್ಲು, ಅದು ನಿಂದಲ್ಲ ಮಗ."

ನನಗೆ ಅರ್ಥವಾಗಲಿಲ್ಲ.

"ನಿನ್ ಕಲ್ಲು ನಮ್ ಪಾಯದಲ್ಲದೆ. ಹಿಮಾಲಯದ್ದು ಅಂದ್ಬುಟ್ಟು, ಮೂಲೆಗುಂಡಿಗೆ ನವಧಾನ್ಯದ ಜೊತೇಲಿ ನಾನೇ ಆಕ್ಸಿ ಕಾಂಕ್ರೀಟ್ ಸುರಿಸ್ದೆ. ನಿಮ್ಮವ್ವ ಬಂದು ಕೇಳುದ್ಲು. ಇಲ್ಲ ಅನ್ನಕ್ಕೆ ಬಾಯ್ ಬರ್ನಿಲ್ಲ. ಹಿತ್ಲಿಂದ ಒಲಕ್ಕೋಗಿ, ಅಂಗೇ ಇರೋ ಬೆಣಚು ಆರ್ಸಿ, ಗುಂಡ್ಕಲ್ಲಲ್ ಒಡ್ದು, ಕುಂಕುಮ ಬಳ್ದು ತಂದ್ಕೊಟ್ಟೆ. ಎರಡೂ ಬೆಳ್ಳಗೇ ಇದಾವಲ್ಲ, ಏನಾಯ್ತದೆ ಅಂದ್ಕಂಡೆ. ಆಮೇಕೆ ನೀನು ಸುಳ್ಳಾಯ್ತದೆ ಅಂದೆ. ಆವಾಗ್ಲೇ ಯೋಳ್ಬೇಕಾಗಿತ್ತು. ಸೊಸೆ ಎದ್ರುಗೆ ನಾಲ್ಗೆ ಏಳ್ನಿಲ್ಲ."

ಅವಳ ಮೇಲೆ ಕೋಪ ಬರಲಿಲ್ಲ, ನನ್ನ ಮೇಲೆ ಬಂತು. ಕಲ್ಲು ಓದಲು ಕಲಿತವಳು ನಾನು. ಅರಿಶಿನದ ಕೆಳಗೆ ಏನಿದೆಯೆಂದು ನೋಡದೆ ಚೀಲಕ್ಕೆ ಹಾಕಿಕೊಂಡಿದ್ದೆ. ಈಗ ತೊಳೆದೂ ಆಗಿದೆ. ತಾರಸಿಗೆ ಓಡಿ ಟವೆಲ್ ಸಮೇತ ಎಲ್ಲವನ್ನೂ ತಂದು ಜಗಲಿಯ ಮೇಲೆ ಹರಡಿದೆ. ಹನ್ನೊಂದು ಬಿಳಿ ಚೂರು. ಒಂದಲ್ಲ ಒಂದು ಕಡೆ ಹೊಸದಾಗಿ ಒಡೆದ ಮುಖ ಎಲ್ಲಕ್ಕೂ ಇತ್ತು, ನನ್ನ ಉಳಿಯಿಂದಾಗಿಯೋ ಅವಳ ಗುಂಡುಕಲ್ಲಿನಿಂದಾಗಿಯೋ. ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲಕ್ಕಿಂತ ದೊಡ್ಡವಾದ ನಾಲ್ಕರ ಮೇಲೆ ಅನುಮಾನ ಬಂತು. ಮಾರ್ಗದರ್ಶಕರ ಮಾತಿನಂತೆ ನಾಲ್ಕನ್ನೂ ಬಿಟ್ಟರೆ ಉಳಿದದ್ದು ಅರ್ಧ ಕಿಲೋಗೂ ಸಾಲದು. ಕೆಳದಂಡೆ ಕೈಬಿಟ್ಟ ಹಾಗೆಯೇ. ನಾನು ಕೂತಲ್ಲೇ ಅಳುವುದಕ್ಕೆ ಶುರುಮಾಡಿದೆ.

"ಸರಿ ಅತ್ಲಾಗೆ," ಎಂದಳು ದೊಡ್ಡಮ್ಮ. ಒಂದೊಂದೇ ಚೂರನ್ನು ಎತ್ತಿ ಅಂಗೈಯಲ್ಲಿ ತಿರುಗಿಸಿದಳು, ಹೆಬ್ಬೆರಳಿನಿಂದ ಅಂಚು ಸವರಿದಳು, ಕೆಳಗಿಟ್ಟಳು. ಆರನೆಯದನ್ನು ಎತ್ತಿದವಳು ಪಕ್ಕಕ್ಕೆ ಇಟ್ಟಳು. ಅಷ್ಟಕ್ಕೇ ನಿಲ್ಲಿಸದೆ ಉಳಿದ ಐದನ್ನೂ ನೋಡಿದಳು. ಮತ್ತೆ ಆರನೆಯದನ್ನು ಎತ್ತಿಕೊಂಡಳು.

"ಇದು ನಮ್ ಒಲದ್ದು."

"ಹೇಗೆ ಗೊತ್ತಾಯ್ತು?"

"ಮದ್ವೆಯಾಗ್ ಬಂದಾಗ್ಲಿಂದ ಆ ಒಲದಲ್ ಕಲ್ ಆಯ್ತಾ ಇವ್ನಿ. ಅದ್ರ ಮೈ ನಂಗೊತ್ತಿಲ್ವಾ?"

ಅವಳ ಮಾತನ್ನು ನಂಬಿ ಕೂರುವ ಹಾಗಿರಲಿಲ್ಲ. ಸೂಜಿಯಿಂದ ಆ ಚೂರಿನ ಒಂದು ಕೂದಲೆಳೆ ಬಿರುಕನ್ನು ಕೆದಕಿದೆ. ಒಳಗಿನಿಂದ ಕೆಂಪು ಮಣ್ಣು ಬಂತು, ನಾಗಮಂಗಲದ ರಾಗಿ ಹೊಲದ ಕೆಂಪು ಮಣ್ಣು. ಉಳಿದ ಹತ್ತರ ಬಿರುಕುಗಳನ್ನೂ ಹಾಗೆಯೇ ಕೆದಕಿದೆ. ಬಂದದ್ದು ಬೂದುಬಣ್ಣದ ಹುಡಿ, ನಾನು ಎರಡು ತಿಂಗಳು ಉಗುರಿನ ಸಂದಿಯಲ್ಲಿ ಹೊತ್ತು ತಿರುಗಿದ್ದ ಹುಡಿ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ನಾನು ಅಳುವುದು ನಿಂತಿರಲಿಲ್ಲ, ಆದರೆ ಅದು ಈಗ ಬೇರೆ ಅಳು.

ಅಷ್ಟು ಹೊತ್ತಿಗೆ ಅಮ್ಮನೂ ಡೈರಿಯಿಂದ ಬಂದು, ಹಾಲಿನ ಕ್ಯಾನು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಮ್ಮ ನನ್ನ ಮುಖ ನೋಡಿ, ನಾನು ಇನ್ನೂ ದುಃಖದಲ್ಲೇ ಅಳುತ್ತಿದ್ದೇನೆಂದು ತಿಳಿದಳು.

"ಇನ್ನೊಂದ್ ಬೇಕೇ ಬೇಕು ಅಂದ್ರೆ ಯೋಳು ಮಗ. ಮೇಸ್ತ್ರಿಗೆ ಯೋಳ್ಬುಟ್ ಬಂದಿವ್ನಿ. ಪಾಯ ಒಡುಸ್ತೀನಿ."

ಅವಳು ಹುಡುಗಾಟ ಆಡುವವಳಲ್ಲ. ನಮ್ಮ ಕಡೆ ಹಾಕಿದ ಪಾಯವನ್ನು ಒಡೆಯುವುದೆಂದರೆ ಮನೆಗೇ ಕೇಡು ಎನ್ನುತ್ತಾರೆ. ಅದನ್ನು ಅವಳಿಗಿಂತ ಗಟ್ಟಿಯಾಗಿ ನಂಬಿದವರನ್ನು ನಾನು ಕಂಡಿಲ್ಲ. ಹಿಮಾಲಯದ ಯಾವುದೋ ಕಣಿವೆಯಲ್ಲಿ ಹಿಮ ಯಾವಾಗ ಕರಗಿತೆಂಬ ಲೆಕ್ಕ ಸುಳ್ಳಾಗಬಾರದೆಂದು, ಆ ಕಣಿವೆಯ ಹೆಸರನ್ನೂ ಕೇಳದೆ, ತನ್ನ ಮಗನ ಮನೆಯ ಪಾಯ ಒಡೆಸಲು ಹೇಳಿ ಬಂದಿದ್ದಳು. ನಾನು ಅವಳ ಕಾಲು ಮುಟ್ಟಿದೆ. ಬೇಡ ದೊಡ್ಡಮ್ಮ, ಹತ್ತು ಚೂರು ಸಾಕು, ಬೇಕಾದ್ದಕ್ಕಿಂತ ಹೆಚ್ಚೇ ಇದೆ ಎಂದು ನಾಲ್ಕು ಸಲ ಹೇಳಿದ ಮೇಲೆ ಅವಳು ನೀರು ಕುಡಿದಳು. ಆಮೇಲೆ ಅಮ್ಮನೂ ಅವಳೂ ಅಡಿಗೆಮನೆಗೆ ಹೋಗಿ, ಯಾರ ತಪ್ಪು ದೊಡ್ಡದು ಎಂದು ಒಬ್ಬರಿಗಿಂತ ಒಬ್ಬರು ಜೋರಾಗಿ ವಾದ ಮಾಡುತ್ತ ಉಪ್ಪಿಟ್ಟು ಮಾಡಿದರು.

ಹತ್ತು ಚೂರುಗಳನ್ನು ಮರದ ಪೆಟ್ಟಿಗೆಗೆ ಹಾಕಿ ನಾನೇ ಹೊತ್ತೊಯ್ದೆ. ಫಲಿತಾಂಶ ಬರಲು ಒಂದು ವರ್ಷದ ಮೇಲಾಯಿತು. ಮೇಲುದಂಡೆಗಿಂತ ನಡುದಂಡೆ ಹಳೆಯದು, ನಡುದಂಡೆಗಿಂತ ಕೆಳದಂಡೆ ಎಷ್ಟೋ ಹಳೆಯದು. ಹಿಮ ಮೂರು ಸಲ ಬಂದು ಮೂರು ಸಲ ಸರಿದ ಕತೆ ಮೆಟ್ಟಿಲಿನ ಹಾಗೆ ಸರಿಯಾಗಿ ಕೂತಿತ್ತು. ಮಾರ್ಗದರ್ಶಕರು ಆ ಕಾಗದವನ್ನು ಎರಡು ಸಲ ಓದಿ ನನ್ನ ಬೆನ್ನು ತಟ್ಟಿದರು. ನನಗೆ ಪದವಿ ಬಂತು, ಕೆಲಸ ಬಂತು. ಈಗ ನನ್ನ ಕೈಕೆಳಗೆ ಕಲಿಯುವವರು ಮಾದರಿಗಳನ್ನು ಊರಿಗೆ ಒಯ್ಯುವಂತಿಲ್ಲವೆಂದು ಕಟ್ಟುನಿಟ್ಟು ಮಾಡಿದ್ದೇನೆ. ಏಕೆಂದು ಅವರಿಗೆ ಹೇಳಿಲ್ಲ.

ಆ ಕೆಲಸದ ಬಗ್ಗೆ ಅಚ್ಚಾದ ಲೇಖನದಲ್ಲಿ, ಮಾದರಿಗಳ ವಿವರ ಕೊಡುವ ಭಾಗದಲ್ಲಿ, ಒಂದು ಪುಟ್ಟ ವಾಕ್ಯವಿದೆ: ‘ಮೂಲ ಸರಿಹೊಂದದ ಒಂದು ಚೂರನ್ನು ಕೈಬಿಡಲಾಗಿದೆ.’ ಅಂಥ ಲೇಖನಗಳಲ್ಲಿ ಅದಕ್ಕಿಂತ ಹೆಚ್ಚು ಬರೆಯುವ ವಾಡಿಕೆಯಿಲ್ಲ. ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ಹಣ ಕೊಟ್ಟವರು, ಯಂತ್ರ ಕೊಟ್ಟವರು ಎಲ್ಲರೂ ಇದ್ದಾರೆ. ನನ್ನ ಮನೆಯವರನ್ನು ‘ಕುಟುಂಬ’ ಎಂಬ ಒಂದು ಪದದಲ್ಲಿ ಮುಗಿಸಿದ್ದೇನೆ.

ಲೇಖನ ಕೈಗೆ ಬಂದಾಗ ನಾಗಮಂಗಲಕ್ಕೆ ಹೋಗಿದ್ದೆ. ದೊಡ್ಡಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಂಡಿ ಇನ್ನಷ್ಟು ಹದಗೆಟ್ಟಿತ್ತು. ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಇದು ನಿನ್ನ ವಿಷಯವೇ ಎಂದೆ. ಸಂತೋಷಪಡುತ್ತಾಳೆಂದು ತಿಳಿದಿದ್ದೆ.

"ಅಷ್ಟೇಯಾ?" ಎಂದಳು.

"ಅಷ್ಟೇ."

"ನಾನು ಬದ್ಲಾಯ್ಸಿ ಕೊಟ್ಟಿದ್ದು ಬರ್ದಿಲ್ವಾ?"

"ಅದನ್ನೆಲ್ಲ ಯಾಕೆ ಬರೀಬೇಕು ದೊಡ್ಡಮ್ಮ? ನಿಂಗೇ ಕೆಟ್ಟ ಹೆಸರು."

ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಬರೀಬೇಕು ಮಗ. ನಿಜ ಬೇಕು ಅಂತ ಅಷ್ಟ್ ದೂರ ಓದೋಳು ನೀನು. ಅರ್ಧ ಬರ್ದು ಅರ್ಧ ಬುಟ್ರೆ ಎಂಗೆ?"

ಅದಕ್ಕೇ ಇದನ್ನು ಬರೆದಿದ್ದೇನೆ. ಅವಳು ಬದಲಾಯಿಸಿ ಕೊಟ್ಟದ್ದನ್ನೂ ಬರೆದಿದ್ದೇನೆ, ಮಾರನೆಯ ದಿನ ಮೊದಲ ಬಸ್ಸಿಗೆ ಬಂದದ್ದನ್ನೂ ಬರೆದಿದ್ದೇನೆ. ಓದಿ ಹೇಳಲು ಬರುವ ಭಾನುವಾರ ನಾಗಮಂಗಲಕ್ಕೆ ಹೋಗುತ್ತಿದ್ದೇನೆ.